ಸೋಡಾ ಮುಚ್ಚಳದ ಮೇಲಿನ ಗಿಡ್ಡರು

ಮೊನ್ನೆ ಮಿಯಾಪುರದಲ್ಲಿ, ಮೆಟ್ರೋ ಕಂಬದ ಕೆಳಗೆ ಕೂರುವ ಚಪ್ಪಲಿ ಹೊಲಿಯುವವನು ನನ್ನ ಚಪ್ಪಲಿಯ ಅಟ್ಟೆಗೆ ಪುಟ್ಟ ಟ್ಯೂಬಿನಿಂದ ಎರಡು ಹನಿ ಅಂಟು ಬಿಟ್ಟ. ಕಣ್ಣು ಚುರುಗುಟ್ಟಿಸುವ ಆ ವಾಸನೆ ಬಂದದ್ದೇ ನಾನು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಒಂದು ಕಾಲಕ್ಕೆ ಅದು ನಮ್ಮ ಮನೆಯ ಭಾನುವಾರದ ವಾಸನೆಯಾಗಿತ್ತು... ನನ್ನ ತಮ್ಮನ ವಾಸನೆ.

ಆಗ ಪಟಾನ್‌ಚೆರುವಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವ್ವ, ನಾನು, ತಮ್ಮ ಇದ್ದೆವು. ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ತಮ್ಮ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ. ಅಲ್ಲಿ ಅವನಿಗೆ ಒಬ್ಬನೇ ಗೆಳೆಯ, ತೆಲುಗಿನವನು. ಹೊರದೇಶದಲ್ಲಿದ್ದ ಆ ಗೆಳೆಯನ ಅಣ್ಣ ರಜೆಗೆ ಬಂದಾಗ ಒಂದು ದೊಡ್ಡ ಡಬ್ಬಿ ಕೊಟ್ಟುಹೋಗಿದ್ದ. ಒಳಗೆ ದಾಳ ಹಾಕಿ ಮೇಜಿನ ಮೇಲೆ ಆಡುವ ಯುದ್ಧದ ಆಟ. ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಸಿಪಾಯಿಗಳು, ಬಿಡಿಬಿಡಿ ಪ್ಲಾಸ್ಟಿಕ್ ತುಂಡುಗಳಾಗಿ. ರಾಕ್ಷಸರ ಪಡೆ ಗೆಳೆಯನಿಗೆ. ಹೊಟ್ಟೆಯವರೆಗೆ ಗಡ್ಡ ಬಿಟ್ಟ, ಕೊಡಲಿ ಹಿಡಿದ ಕುಳ್ಳರ ಪಡೆ ನನ್ನ ತಮ್ಮನಿಗೆ. ನಾನು ಅವರನ್ನು ಗಿಡ್ಡರು ಅನ್ನುತ್ತಿದ್ದೆ.

ತಮ್ಮ ಉಗುರು ಕತ್ತರಿಯಿಂದ ತುಂಡುಗಳನ್ನು ಅವು ಅಂಟಿಕೊಂಡಿದ್ದ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಸಿ, ಬ್ಲೇಡಿನಿಂದ ಅಂಚು ಹೆರೆದು, ಮುಂಡವನ್ನು ಸೋಡಾ ಮುಚ್ಚಳಕ್ಕೆ ಅಂಟಿಸುತ್ತಿದ್ದ. ಬಣ್ಣ ಹಚ್ಚುವಾಗ ಹಿಡಿಯಲು ಅದು. ಮೊದಲು ಮೈಗೆಲ್ಲ ಕಪ್ಪು. ತಲೆ, ಕೈಗಳಿಗೆ ಬೇರೆಯಾಗಿಯೇ ಬಣ್ಣ. ಜೋಡಿಸಿಬಿಟ್ಟರೆ ಗಡ್ಡದ ಹಿಂದೆ ಬ್ರಷ್ ಹೋಗುವುದಿಲ್ಲವಂತೆ. ಗಡ್ಡದ ಕಂದು ಒಣಗಿದ ಮೇಲೆ ಬ್ರಷ್ಷಿಗೆ ಬಿಳಿ ಮುಟ್ಟಿಸಿ, ಅದನ್ನೂ ಹಳೇ ಬನಿಯನ್ನಿಗೆ ಒರೆಸಿ, ಉಳಿದ ಚೂರು ಬಣ್ಣವನ್ನು ಮೇಲೆ ಮೇಲೆ ಸವರುತ್ತಿದ್ದ. ಕೂದಲು ಎಳೆ ಎಳೆಯಾಗಿ ಎದ್ದು ಕಾಣುತ್ತಿತ್ತು. ಕಣ್ಣು ಕೊನೆಗೆ. ಆಗ ಅವನು ಉಸಿರು ಹಿಡಿಯುತ್ತಿದ್ದ. ಪಕ್ಕದಲ್ಲಿ ಕೂತ ನಾನೂ ಹಿಡಿಯುತ್ತಿದ್ದೆ...

ಭಾನುವಾರ ದಿವಾನದ ಮೇಲೆ ಹಸಿರು ಚಾದರ ಹಾಸಿ, ಅದರಡಿ ನನ್ನ ಬೋಗುಣಿಗಳನ್ನು ಬೋರಲು ಹಾಕಿ ಗುಡ್ಡ ಮಾಡುತ್ತಿದ್ದರು.

"ಅಕ್ಕಾ, ನೋಡ್ರಿ, ನಿಮ್ಮ ಗಡ್ಡದವರು ಇವತ್ತೂ ಓಡಾಕತ್ತಾರ," ಎಂದು ಗೆಳೆಯ ನಮ್ಮಿಂದ ಕಲಿತ ಕನ್ನಡದಲ್ಲೇ ಅಣಕಿಸುತ್ತಿದ್ದ.

"ಇಷ್ಟಿಷ್ಟ ಕಾಲು, ಎಲ್ಲಿಂದ ಓಡ್ತಾರಲೇ? ನಿಂತಲ್ಲೇ ಸಾಯ್ತಾರ, ಓಡಂಗಿಲ್ಲ," ಎಂದು ತಮ್ಮ ನಗುತ್ತಿದ್ದ.

ಆ ವರ್ಷ ಅವ್ವನ ಜ್ವರ ಇಳಿಯಲೇ ಇಲ್ಲ. ನೋಡಲು ಬಂದ ಪಕ್ಕದ ಮನೆಯ ರಾಯಚೂರಿನ ಅಜ್ಜಿ, ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಸಾಲಾಗಿ ನಿಂತ ತಲೆಯಿಲ್ಲದ ಕಪ್ಪು ಮುಂಡಗಳನ್ನು ಕಂಡು ಬೆಚ್ಚಿದಳು. "ಭಿನ್ನ ಆದ ಮೂರ್ತಿ ಮನ್ಯಾಗ ಇಡ್ತಾರೇನವಾ? ಅದಕ್ಕ ನಿಮ್ಮವ್ವ ಏಳವಲ್ಲಳು."

ಮುಕ್ಕಾದ ದೇವರನ್ನು ನಮ್ಮಲ್ಲಿ ಮನೆಯಲ್ಲಿಡುವುದಿಲ್ಲ, ನೀರಿಗೆ ಬಿಡುತ್ತೇವೆ. ಇವು ದೇವರಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಒಳಗೆ ಅವ್ವ ನರಳುತ್ತಿದ್ದಳು... ಅಂದು ಗಣಪತಿಯನ್ನು ಕಳಿಸುವ ದಿನ. ತಮ್ಮ ಕೆಲಸಕ್ಕೆ ಹೋಗಿದ್ದ. ಮುಂಡ, ತಲೆ, ಕೈ, ಕಣ್ಣು ಬರೆಸಿಕೊಂಡು ಪೂರ್ತಿಯಾದವರು, ಎಲ್ಲರನ್ನೂ ಒಂದೇ ಚೀಲಕ್ಕೆ ಸುರಿದೆ. ಬಾಡಿದ ಹೂವಿನ ಜೊತೆ ಓಣಿಯ ಗಣಪತಿಯ ಲಾರಿಗೆ ಕೊಟ್ಟೆ. ಕೆರೆಗೆ ಬಿಟ್ಟರು.

ಸಂಜೆ ತಮ್ಮ ಖಾಲಿ ಹಲಗೆಯ ಮುಂದೆ ನಿಂತ. "ಅಕ್ಕಾ, ನನ್ನ ಗಿಡ್ಡರೆಲ್ಲಿ? ಯಾರರ ಬಂದಿದ್ರೇನು?"

"ನಿನ್ನ ದೋಸ್ತ ಬಂದಿದ್ದ," ಎಂದೆ.

ಅದು ಸುಳ್ಳಲ್ಲ. ಮಧ್ಯಾಹ್ನ, ಆ ವಾರ ರಾತ್ರಿ ಪಾಳಿಯಲ್ಲಿದ್ದ ಗೆಳೆಯ ಒಂದು ಬ್ರಷ್ ವಾಪಸು ಕೊಡಲು ಬಂದು, ಅವ್ವನ ಹಣೆ ಮುಟ್ಟಿ ನೋಡಿ, ಹೋಗಿದ್ದ. ಆ ಒಂದು ನಿಜದ ಹಿಂದೆ ನಾನು ಬಚ್ಚಿಟ್ಟುಕೊಂಡೆ.

ಜಗಳವೇನೂ ಆಗಲಿಲ್ಲ. ಮುಂದಿನ ಭಾನುವಾರ ಬಾಗಿಲಿಗೆ ಬಂದ ಗೆಳೆಯನನ್ನು ತಮ್ಮ ಒಳಗೆ ಕರೆಯಲಿಲ್ಲ. "ಕೇಳಿದ್ರ ನಾನ ಕೊಡ್ತಿದ್ನೆಲ್ಲೋ," ಎಂದ, ಅಷ್ಟೇ. ಗೆಳೆಯ ಅರ್ಥವಾಗದೆ ನನ್ನ ಮುಖ ನೋಡಿದ. ನಾನು ಒಲೆಯ ಕಡೆ ತಿರುಗಿದೆ.

ಅವ್ವ ಎದ್ದು ಕೂತಳು, ಗುಳಿಗೆಗಳಿಂದಲೇ ಇರಬೇಕು. ತಮ್ಮ ಮತ್ತೆ ಬ್ರಷ್ ಹಿಡಿಯಲಿಲ್ಲ. ಭಾನುವಾರ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಎರಡು ವರ್ಷ ಕಳೆದೆ. ಆಮೇಲೆ ತಮ್ಮನಿಗೆ ಕಾಮಾಲೆ ಬಂತು. ಆಸ್ಪತ್ರೆಯಲ್ಲಿ ಒಮ್ಮೆ ಕಣ್ಣು ಬಿಟ್ಟು, "ಅವ ಬಂದಿದ್ನೇನಕ್ಕಾ?" ಎಂದು ಕೇಳಿದ. ಹೇಳಿಬಿಡಬಹುದಿತ್ತು. "ಇಲ್ಲ" ಎಂದೆ. ಆ ವಾರವೇ ಹೋದ.

ತಿಥಿಯ ದಿನ ಗೆಳೆಯ ಬಂದ. ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿ ಒಬ್ಬ ಗಿಡ್ಡನನ್ನು ನನ್ನ ಅಂಗೈಗಿಟ್ಟ. ಗಡ್ಡಕ್ಕೆ ಬಣ್ಣ ಹಚ್ಚುವುದನ್ನು ಕಲಿಯಲೆಂದು ತಮ್ಮನೇ ಹಿಂದೆ ಕೊಟ್ಟಿದ್ದನಂತೆ.

"ಅಕ್ಕಾ, ಅವನ ಸಂಶಯ ನನಗ ಆಮ್ಯಾಲ ತಿಳೀತ್ರಿ. ನನ್ನ ಹತ್ರ ಇದ್ದದ್ದು ಇದೊಂದ ರಿ. ಉಳಿದವು ನಾ ತಗೊಂಡಿಲ್ಲ. ನೀವಾದ್ರೂ ನಂಬ್ರಿ."

"ಗೊತ್ತೈತಪ್ಪಾ," ಎಂದೆ.

ಹೇಗೆ ಗೊತ್ತು ಎಂದು ಅವನು ಕೇಳಲಿಲ್ಲ. ಕಣ್ಣೊರೆಸಿಕೊಂಡು, ನನಗೇ ಕೈಮುಗಿದು ಹೋದ. ಈಗ ಎಲ್ಲಿದ್ದಾನೋ...

ಆ ಗಿಡ್ಡ ಇಂದಿಗೂ ನನ್ನ ದೇವರ ಗೂಡಿನಲ್ಲಿದ್ದಾನೆ, ಸೋಡಾ ಮುಚ್ಚಳದ ಮೇಲೆ. ಹೋದ ವರ್ಷ ಧೂಳು ಒರೆಸುವಾಗ ಅವನ ಕೊಡಲಿಯ ಕೈ ಕಳಚಿಬಿತ್ತು. ಮೊನ್ನೆ ಬರುವಾಗ ಅದೇ ಅಂಟಿನ ಟ್ಯೂಬು ಒಂದು ಕೊಂಡುತಂದೆ. ಉಸಿರು ಹಿಡಿದು ಕೂತರೂ ಆ ಪುಟ್ಟ ಕೈಯನ್ನು ಭುಜಕ್ಕೆ ಕೂಡಿಸಲು ನನಗೆ ಬರುವುದಿಲ್ಲ. ಕೈಯನ್ನು ಅವನ ಕಾಲ ಬಳಿ ಇಟ್ಟಿದ್ದೇನೆ. ಭಿನ್ನವಾದವನು. ನೀರಿಗೆ ಬಿಟ್ಟಿಲ್ಲ.