ಸ್ಟೀಮರಿನಲ್ಲಿ ನೀಲವ್ವನ ಪೂಜೆ

ಮುಂಬೈಯಿಂದ ಪಣಜಿಗೆ ಹೊರಟ ಸ್ಟೀಮರು ಬೆಳಿಗ್ಗೆ ತುಫಾನಿಗೆ ಸಿಕ್ಕಿತು. ಮಳೆಗಾಲ ಹತ್ತಿರ ಬಂತು, ಬಸ್ಸಿಗೆ ಹೋಗೂಣು ಎಂದು ನಾನು ಹೇಳಿದ್ದೆ. ಸಮುದ್ರ ನೋಡಬೇಕೆಂದು ಹಟ ಹಿಡಿದವಳು ಮೊರಬದ ನಮ್ಮತ್ತೆ ನೀಲವ್ವ.

"ಎರಡೂ ಕೈಯಲ್ಲಿ ಸರಳು ಹಿಡ್ಕೊಳ್ಳಿ!" ಎಂದು ಕಾರವಾರದ ಖಲಾಸಿಯೊಬ್ಬ ಕೂಗುತ್ತ ಬಂದ. ನಾನು ಹಲ್ಲಿಯ ಹಾಗೆ ಅಂಟಿಕೊಂಡೆ. ಅತ್ತೆ ಮಾತ್ರ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದಳು.

"ಪೂಜಿ ಮುಗಿಯೂತನಾ ಕೈ ಖಾಲಿ ಇಲ್ಲಪಾ" ಎಂದಳು.

ಬೈಯಲು ಬಾಯಿ ತೆರೆದಿದ್ದ ಖಲಾಸಿ, ಹಡಗು ವಾಲಿದ್ದೇ ತಡ, ಕುಕ್ಕರಗಾಲಲ್ಲಿ ಕೂತು ಅವಳ ಅಂಗೈ ಕೆಳಗೆ ತನ್ನ ಬೊಗಸೆ ಒಡ್ಡಿದ. ಪೂಜೆ ಮುಗಿಯುವವರೆಗೂ ತೆಗೆಯಲಿಲ್ಲ.

ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡ ಅತ್ತೆ ಅವನನ್ನು ನೋಡಿ ಗದರಿದಳು: "ನೀನ ಸರಳು ಬಿಟ್ಟು ಕುಂತೀಯಲ್ಲೋ! ಮೊದ್ಲ ಹಿಡ್ಕೋ."