ಸಿಂಹದ ಬಾಯಿಗೆ ಕೈಯಿಟ್ಟವಳು

ನಿಮ್ಮ ದೊಡ್ಡಕ್ಕ ಬನಹಟ್ಟಿಯಿಂದ ತವರಿಗೆ ಬಂದಾಗ ಅವಳ ಎಡಗೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಮೆಟ್ಟಿಲಿನಿಂದ ಬಿದ್ದಳು ಎಂದು ನಿಮಗೆ ಹೇಳಿದ್ದರು. ನೀವು ಸಣ್ಣವರು, ಸಾಲೆಗೆ ಹೋಗುವವರು, ನಂಬಿದಿರಿ. ಆದರೆ ಅದು ಮೆಟ್ಟಿಲಲ್ಲ. ಗಂಡ ಮಗ್ಗದ ಲಾಳಿಯಿಂದ ಹೊಡೆದಿದ್ದ. ಲಾಳಿಯ ಎರಡೂ ತುದಿಗೆ ಕಬ್ಬಿಣದ ಮೊನೆ ಇರುತ್ತದೆ. ಅದು ಕೆನ್ನೆ ಹರಿದು ಒಳಗಿನ ದವಡೆ ಹಲ್ಲನ್ನು ಮುರಿದಿತ್ತು. ನಾನು, ನಿಮ್ಮ ಆಯಿ, ನಿಮ್ಮ ಅಪ್ಪನ ತಾಯಿ, ಬಾಯಿ ಬಿಟ್ಟು ಹೇಳುವವಳಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಗಾಯದ ಹೊಲಿಗೆ ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲೇ ಅವನು ಕರೆದೊಯ್ಯಲು ಬರುತ್ತೇನೆಂದು ಫೋನು ಮಾಡಿದ. ಹೋಗಬೇಕೋ ಬೇಡವೋ ಎಂದು ಅವಳನ್ನು ಯಾರೂ ಕೇಳಲಿಲ್ಲ. ಜಮಖಂಡಿಯಲ್ಲಿ ಕಾಲೇಜು ಓದುವ ನಿಮ್ಮ ಸಣ್ಣಕ್ಕ ಮಾತ್ರ ಒಂದು ಡಬ್ಬಿ ತಂದು ಅಕ್ಕನ ಮುಂದೆ ಇಸ್ಪೀಟಿನಂಥ ಚಿತ್ರದ ಎಲೆಗಳನ್ನು ಹರವಿದಳು.

"ಮಟಮಟ ಮಧ್ಯಾಹ್ನ ಇಸ್ಪೀಟ್ ಏನ ಬೇ?" ಅಂದೆ.

"ಇಸ್ಪೀಟ್ ಅಲ್ಲ ಆಯಿ, ಟ್ಯಾರೋ. ಮನಸಿನ್ಯಾಗ ಒಂದ್ ಮಾತ ಕೇಳ್ಕೊಂಡು ಎಲಿ ತಗೀಬೇಕು. ಚಿತ್ರ ದಾರಿ ತೋರಸ್ತೈತಿ."

"ಯಾವ ದಾರಿ? ಗಂಡನ ಮನಿ ದಾರಿ ಅಕಿಗೆ ಗೊತ್ತೈತಿ," ಎಂದು ನಿಮ್ಮ ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು.

ದೊಡ್ಡವಳು ಒಂದು ಎಲೆ ತೆಗೆದಳು. ಬಿಳಿ ಬಟ್ಟೆಯ ಹೆಂಗಸು, ತಲೆಗೂ ಸೊಂಟಕ್ಕೂ ಹೂವಿನ ಮಾಲೆ. ಬಾಗಿ ನಿಂತು ಒಂದು ಸಿಂಹದ ಬಾಯಿಗೆ ಎರಡೂ ಕೈಯಿಟ್ಟಿದ್ದಾಳೆ. ಅವಳ ತಲೆಯ ಮೇಲೆ ಎಂಟರ ಅಂಕಿ ಅಡ್ಡ ಮಲಗಿದೆ. ಸಣ್ಣವಳು ಮೊಬೈಲು ನೋಡಿ ಅರ್ಥ ಹೇಳಿದಳು: "ಇದು ಶಕ್ತಿ ಎಲಿ. ಸಿಂಹ ಅಂದ್ರ ಸಿಟ್ಟು. ಈಕಿ ಹೊಡೀಲಾರದ, ಬಡೀಲಾರದ, ಬರೇ ಪ್ರೀತಿಲೆ ಅದನ್ನ ಪಳಗಸ್ಯಾಳ. ಮ್ಯಾಲಿನ ಎಂಟು ಅಂದ್ರ ಅಕಿ ತಾಳ್ಮಿಗೆ ಕೊನಿ ಇಲ್ಲ."

ನಿಮ್ಮ ಅವ್ವ ಸೌಟು ಹಿಡಿದುಕೊಂಡೇ ಬಂದಳು. "ನೋಡ, ಎಲಿನೂ ಅದನ್ನ ಹೇಳಾಕತ್ತೈತಿ! ನಿಮ್ಮ ಆಯಿನ್ನ ನೋಡು. ಹುಲಿಯಂಥಾ ಮುತ್ಯಾನ್ನ ಪಳಗಸ್ಲಿಲ್ಲೇನು?"

ದೊಡ್ಡವಳು ತೆರೆದಿದ್ದ ಒಂದೇ ಕಣ್ಣಿನಿಂದ ನನ್ನ ಮುಖ ನೋಡಿದಳು. ಎಲೆಯನ್ನು ಎತ್ತಿ ಹತ್ತಿರ ಹಿಡಿದೆ. ಸಿಂಹ ಅವಳ ಕೈ ನೆಕ್ಕುತ್ತಿತ್ತು, ಬಾಲವನ್ನು ಕಾಲೊಳಗೆ ಸೇರಿಸಿಕೊಂಡಿತ್ತು.

ಅಂಥ ಬಾಲವನ್ನು ನಾನು ಬಲ್ಲೆ. ನಿಮ್ಮ ಮುತ್ಯಾ, ಅಂದರೆ ನನ್ನ ಗಂಡ, ತೋಟದಲ್ಲಿ ಬೇಟೆ ನಾಯಿ ಸಾಕಿದ್ದರು. ಮುಧೋಳದ ತಳಿ, ತೆಳ್ಳಗಿನ ಮೈ, ಉದ್ದ ಮೂತಿ. ಮರಿಯಿದ್ದಾಗಿನಿಂದ ಬಾರುಕೋಲಿನಲ್ಲಿ ಹೊಡೆದೇ ಬೆಳೆಸಿದರು. ಅವರನ್ನು ಕಂಡರೆ ಅದು ಬಾಲ ಮಡಚಿ ಕೈ ನೆಕ್ಕುತ್ತಿತ್ತು. ಬಂದವರೆಲ್ಲ, ಎಷ್ಟು ಛಲೋ ಪಳಗೈತಿ ಎಂದು ಹೊಗಳುತ್ತಿದ್ದರು. ಒಂದು ದಿನ ಅದೇ ನಾಯಿ, ಆಗತಾನೇ ನಡೆಯಲು ಕಲಿತಿದ್ದ ನಿಮ್ಮ ಅಪ್ಪನ ಕಾಲಿನ ಮೀನಖಂಡವನ್ನು ಕಚ್ಚಿ ಹಿಡಿಯಿತು. ಕೂಸು ಕಿರುಚುತ್ತಿತ್ತು. ಮುತ್ಯಾ ಕೊಡಲಿ ಕಾವಿನಿಂದ ನಾಯಿಯ ಬೆನ್ನಿಗೆ ಬಡಿದಷ್ಟೂ ಅದು ಹಲ್ಲು ಬಿಗಿ ಮಾಡುತ್ತಿತ್ತು. ನಾನು ಅದರ ಬಾಯಿಗೆ ಎರಡೂ ಕೈ ಹಾಕಿದೆ. ಅದರ ತುಟಿಯನ್ನು ಅದರ ಹಲ್ಲಿಗೇ ಒತ್ತಿ ಹಿಡಿದೆ, ಕಚ್ಚಿದರೆ ತನ್ನ ತುಟಿಯೇ ಹರಿಯುವ ಹಾಗೆ. ಒಂದು ಕೋರೆ ನನ್ನ ಹೆಬ್ಬೆರಳಿನ ಬುಡದಲ್ಲಿ ಹೊಕ್ಕು ಅಂಗೈಯಲ್ಲಿ ಹೊರಬಂತು. ದವಡೆ ತೆರೆಯಿತು, ಕೂಸು ಬಿಡಿಸಿಕೊಂಡಿತು. ಮುತ್ಯಾ ನಾಯಿಯ ತಲೆ ಒಡೆಯುವತನಕ ಹೊಡೆದರು. ಆಮೇಲೆ ಇಂಥ ನಾಯಿ ನಿನ್ನಿಂದ ಸತ್ತಿತು ಎಂದು ಅದೇ ಕಾವು ನನ್ನ ಬೆನ್ನಿಗೆ ಬಂತು. ನನ್ನ ಕೈಯಿಂದ ರಕ್ತ ಇಳಿಯುತ್ತಲೇ ಇತ್ತು.

ಮುಂದೆ ಅವರು ಹೊಡೆಯುವುದನ್ನು ಬಿಟ್ಟರು, ಖರೆ. ಬಲಗೈಗೆ ಲಕ್ವಾ ಹೊಡೆದ ಮೇಲೆ ಬಿಟ್ಟರು. ಊರು ಮಾತ್ರ ನನ್ನ ತಾಳ್ಮೆ ಗೆದ್ದಿತು ಎಂದಿತು.

"ಈ ಚಿತ್ರದಾಗ ಸಿಂಹ ಪಳಗಿಲ್ಲ ಬೇ," ಎಂದು ಹುಡುಗಿಯರಿಗಷ್ಟೇ ಕೇಳುವಂತೆ ಹೇಳಿದೆ. "ಅಂಜೈತಿ. ಅಂಜಿದ್ದು ಮೊದಲ ಕಚ್ಚತೈತಿ. ಈಕಿ ಕೈ ನೋಡು. ತಗದ್ರ ಕಚ್ಚತೈತಿ, ಅದಕ್ಕ ತಗಿಯಂಗಿಲ್ಲ. ಆ ಕೈಲೆ ಒಂದ್ ರೊಟ್ಟಿ ಬಡಿಯಾಕಾಗೂದಿಲ್ಲ, ಕೂಸಿನ್ನ ಎತ್ಕೊಳ್ಳಾಕಾಗೂದಿಲ್ಲ. ಮುಖದಾಗ ಸಮಾಧಾನ ಕಾಣತೈತಿ ಅಂತಾರ. ನನಗ ಅಕಿ ಉಸಿರು ಹಿಡದಂಗ ಕಾಣತೈತಿ."

"ಹಂಗಾರ ನೀ ಯಾಕ ಕೈ ತಗೀಲಿಲ್ಲ, ಆಯಿ?" ದೊಡ್ಡವಳು ಕೇಳಿದಳು. ಹೊಲಿಗೆ ಹಾಕಿದ ಕೆನ್ನೆಯಿಂದ ಮಾತು ತೊದಲುತ್ತಿತ್ತು.

"ನಿಮ್ಮಪ್ಪ ಸಣ್ಣಾಂವ ಇದ್ದ. ನಿನ್ನ ಕೈಯಾಗ ಇನ್ನೂ ಕೂಸಿಲ್ಲ."

ಅವಳ ಗಂಡ ಸಂಜೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪೇಡೆಯ ಪೊಟ್ಟಣ. ನಿಮ್ಮ ಅಪ್ಪ ಪಡಸಾಲೆಯಲ್ಲಿ ಕೂರಿಸಿ, "ಸ್ವಲ್ಪ ಸಮಾಧಾನದಿಂದ ಇರ್ರಿ, ಅಳಿಯಂದ್ರ," ಎಂದು ಬೇಡುವವರಂತೆ ಹೇಳಿದರು.

"ನಾ ಸಮಾಧಾನದಾಗನ ಅದೀನ್ರಿ, ಮಾವಾರ. ನಿಮ್ಮ ಮಗಳ ನಾಲಿಗಿಗೆ ಹೇಳ್ರಿ," ಅಂದ. ಪೇಡೆಯನ್ನು ತಾನೇ ಬಿಚ್ಚಿ ತಿಂದ.

ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿಗೆ ಅಕ್ಕಿ ಹಾಕಿ ಉಡಿ ತುಂಬದೆ ಹೊಸ್ತಿಲು ದಾಟಿಸುವ ರೂಢಿ ನಮ್ಮಲ್ಲಿಲ್ಲ. ನಿಮ್ಮ ಅವ್ವ ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಕುಬಸ ಹೊಲಿಸುವ ಕಣದ ಬಟ್ಟೆ ಇಟ್ಟು ತಂದಳು. ಮುತ್ತೈದೆಯರ ಕೆಲಸ ಅದು. ಗಂಡ ಸತ್ತವಳು ಆ ತಾಟನ್ನು ಮುಟ್ಟಿದರೆ ಮುಗಿಯಿತು, ಆ ಅಕ್ಕಿಯಿಂದ ಉಡಿ ತುಂಬುವಂತಿಲ್ಲ. ಮುತ್ಯಾ ತೀರಿಕೊಂಡ ಮೇಲೆ ಇಂಥ ಹೊತ್ತಿಗೆ ನಾನು ಯಾವಾಗಲೂ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದೆ.

ದೊಡ್ಡವಳು ಸೆರಗು ಒಡ್ಡಿ ಕುಳಿತಿದ್ದಳು. ನಾನು ಮರೆಯಿಂದ ಹೊರಗೆ ಬಂದು, ಎಲ್ಲರೂ ನೋಡುತ್ತಿದ್ದಂತೆ ತಾಟಿನ ಅಕ್ಕಿಯೊಳಗೆ ಎರಡೂ ಕೈ ಮಣಿಕಟ್ಟಿನವರೆಗೆ ಹುಗಿದೆ.

"ಅತ್ತಿ! ಏನ ಮಾಡಿದ್ರಿ!" ನಿಮ್ಮ ಅವ್ವ ಚೀರಿದಳು.

"ಮುಟ್ಟೇನಿ," ಅಂದೆ. ಗಂಡಸರ ಮುಂದೆ ನಾನಾಡಿದ ಮಾತು ಅಷ್ಟೇ.

ಅವನು ಎದ್ದು ತಾಟನ್ನು ಒದ್ದ. ಕೊಬ್ಬರಿ ಬಟ್ಟಲು ಗೋಡೆಗೆ ಬಡಿಯಿತು. "ಮುದುಕಿ ಆಟ ನೋಡಾಕ ಬಂದಿಲ್ಲ ನಾನು! ಉಡಿ ಬ್ಯಾಡ, ಗಿಡಿ ಬ್ಯಾಡ, ನಡೀ ಬೇ," ಎಂದು ಹೆಂಡತಿಯ ಜಡೆಯನ್ನು ಕೈಗೆ ಸುತ್ತಿಕೊಂಡು ಎಳೆದ. ಅವಳ ಕೆನ್ನೆಯ ಹೊಲಿಗೆ ಬಿಚ್ಚಿ ರಕ್ತ ಕುತ್ತಿಗೆಗೆ ಇಳಿಯಿತು. ತವರುಮನೆಯ ಪಡಸಾಲೆಯಲ್ಲಿ, ತಂದೆಯ ಕಣ್ಣೆದುರು. ಆಗ ನಿಮ್ಮ ಅಪ್ಪ ಎದ್ದರು. ಅವನ ಮಣಿಕಟ್ಟು ತಿರುವಿ ಜಡೆ ಬಿಡಿಸಿದರು. ಅಂಗಿ ಹಿಡಿದು ಅಂಗಳಕ್ಕೆ ಎಳೆದೊಯ್ದು, ಬಾಗಿಲ ಕಂಬಕ್ಕೆ ಅವನ ತಲೆ ಬಡಿದರು, ಮತ್ತೆ ಬಡಿದರು. ಎತ್ತಿದ ಆ ಕೈ ನಿಮ್ಮ ಮುತ್ಯಾನ ಕೈಯ ಹಾಗೆಯೇ ಇತ್ತು. ಸಣ್ಣವಳು ಓಡಿಹೋಗಿ ಅಪ್ಪನ ರಟ್ಟೆಗೆ ಜೋತುಬಿದ್ದಳು.

ಅವನು ಹಣೆಯ ರಕ್ತ ಒರೆಸಿಕೊಳ್ಳುತ್ತ, ಬೈಯುತ್ತ ಗಾಡಿ ಹತ್ತಿ ಹೋದ. ನಿಮ್ಮ ಅವ್ವ ಕುಸಿದು ಕುಳಿತು ಅಳುತ್ತಿದ್ದಳು, ನನ್ನನ್ನೂ ಶಪಿಸುತ್ತಿದ್ದಳು.

ದೊಡ್ಡವಳು ಮೊಣಕಾಲೂರಿ, ಚೆಲ್ಲಿದ ಅಕ್ಕಿಯನ್ನು ಎರಡೂ ಕೈಯಿಂದ ಬಳಿದು ಸೆರಗಿಗೆ ತುಂಬಿಕೊಳ್ಳತೊಡಗಿದಳು. "ಹೊಂಟಿಯೇನ ಮಗಳ, ಅವನ ಬೆನ್ನ ಹಿಂದ?" ಎಂದು ನಿಮ್ಮ ಅವ್ವ ಕಣ್ಣು ಒರೆಸಿಕೊಂಡು ಕೇಳಿದಳು. ಅವಳು ಎದ್ದಳು. ಸೆರಗು ಹಿಡಿದುಕೊಂಡು ಅಡಿಗೆಮನೆಗೆ ಹೋಗಿ, ದಿನಾ ನಾವು ಉಣ್ಣುವ ಅಕ್ಕಿಯ ಡಬ್ಬಿಯ ಮುಚ್ಚಳ ತೆಗೆದು, ಅಷ್ಟನ್ನೂ ಅದರಲ್ಲಿ ಸುರಿದಳು.