ನೋಂದಾಯಿತ ಗಂಡ

ಸಿರುಗುಪ್ಪ ತಾಲೂಕಿನ ಕರೂರಿನ ಆರೋಗ್ಯ ಶಿಬಿರಕ್ಕೆ ನಾವು ಒಯ್ದಿದ್ದ ಯಂತ್ರ ಭಾರೀ ಜಾಣ. ಡೀಪ್ ಲರ್ನಿಂಗ್ ಅಂತೆ. ಗರ್ಭಕೋಶದ ಬಾಯಿಯ ಫೋಟೋ ನೋಡಿಯೇ ಕ್ಯಾನ್ಸರಿನ ಸುಳಿವನ್ನು ಮೊದಲೇ ಹಿಡಿಯುತ್ತದೆ. ಆದರೆ ಅದು ಕಣ್ಣು ಬಿಡಬೇಕಾದರೆ ಓಟಿಪಿ ಬೇಕು.

ತಪಾಸಣೆಗೆ ಬಂದಿದ್ದ ಹುಲಿಗೆಮ್ಮನ ಆಧಾರಿಗೆ ಜೋಡಿಸಿದ್ದು ಗಂಡನ ನಂಬರ್. ಅವನೋ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿಗೆ ಕೊಟ್ಟು ಕೂತಿದ್ದ. ಫೋನ್ ಮಾಡಿದೆ.

“ಓಟಿಪಿ ಯಾರಿಗೂ ಹೇಳಬಾರ್ದಂತ ಬ್ಯಾಂಕಿನೋರು ಹೇಳ್ಯಾರ್ರಿ, ಮೇಡಂ.”

ಹುಲಿಗೆಮ್ಮ ಫೋನ್ ಕಸಿದುಕೊಂಡಳು. “ತಿಂಗಳುಗಟ್ಲೆ ರಕ್ತ ಹೊಂಟೈತಿ ನಂಗ. ನಂಬರ್ ಹೇಳ್ತಿಯೋ, ಇಲ್ಲಾ ಆ ಮೋಟ್ರು ಜೋಡಿನ ಸಂಸಾರ ಮಾಡ್ತಿಯೋ?”

ಹೇಳಿದ. ಯಂತ್ರ ಚಣದಲ್ಲಿ ನೋಡಿ ಮುಗಿಸಿತು. ಪರದೆ ಮೇಲೆ ಬಂದದ್ದು ಇಷ್ಟೇ: ‘ಮಹಿಳೆಯ ಗೋಪ್ಯತೆ ಕಾಪಾಡಲು ಫಲಿತಾಂಶವನ್ನು ನೋಂದಾಯಿತ ಮೊಬೈಲಿಗೆ ಮಾತ್ರ ಕಳುಹಿಸಲಾಗಿದೆ.’

ಮತ್ತೆ ಫೋನ್ ಮಾಡಿದೆ. ಈ ಸಲ ಗಂಡನ ದನಿಯಲ್ಲಿ ಹೆಮ್ಮೆ.

“‘ತುರ್ತು, ಕೂಡಲೇ ನೋಡಿ’ ಅಂತ ಎಂಥದೋ ಲಿಂಕ್ ಬಂದಿತ್ರಿ. ನಾ ಮೋಸ ಹೋಗ್ತೀನೇನ್ರಿ? ಡಿಲೀಟ್ ಮಾಡಿ ಒಗದೆ.”

ಆ ‘ತುರ್ತು’ ಒಂದೇ ನನಗೆ ಸಾಕಾಯಿತು. ಆಸ್ಪತ್ರೆಗೆಂದು ಹುಲಿಗೆಮ್ಮನನ್ನು ಸಿರುಗುಪ್ಪದ ಬಸ್ಸು ಹತ್ತಿಸಿದೆ, ನಾನೂ ಹತ್ತಿದೆ. ಕಂಡಕ್ಟರು ಆಧಾರ್ ನೋಡಿ ಪುಕ್ಕಟೆ ಟಿಕೆಟ್ ಕೊಟ್ಟ. ಪುಣ್ಯಾತ್ಮ, ಗಂಡನನ್ನು ಕೇಳಲಿಲ್ಲ.